ಒಂದ ಸಾಲ ಬಿಟ್ಟು ಹೊಡೀರಿ

ನಮ್ಮ ತಲಿ ಮ್ಯಾಲಿನ ಗಾಳಿಯೊಳಗ 100ಕ್ಕ 78 ಪಾಲು ನೈಟ್ರೋಜನ್ ಐತಿ, ಪುಗಸಟ್ಟೆ ಐತಿ, ಆದ್ರ ಜುಲೈ ತಿಂಗಳಾಗ ಜಮಖಂಡಿಯ ಯಾವ ಗೊಬ್ಬರದ ಅಂಗಡಿ ಮುಂದ ನೋಡಿದ್ರೂ ಅದೇ ನೈಟ್ರೋಜನ್ನಿಗೆ ಮಂದಿ ಆಧಾರ್ ಕಾರ್ಡ್ ಹಿಡಕೊಂಡು ಪಾಳಿ ಹಚ್ಚಿ ನಿಂತಿರ್ತಾರ. 45 ಕಿಲೋದ ಯೂರಿಯಾ ಚೀಲಕ್ಕ 266 ರೂಪಾಯಿ 50 ಪೈಸೆ, ಅದರೊಳಗ 46 ಪರ್ಸೆಂಟ್ ನೈಟ್ರೋಜನ್. ನಾನು ಆ ಪಾಳಿಯ ಈ ಕಡೆ ಕುಂತಾಂವ, ಅಂದ್ರ ಬೀಜ, ಗೊಬ್ಬರ, ಔಷಧ ಮಾರೂ ಅಂಗಡಿ ನಂದು. ಬಿಎಸ್ಸಿ ಮುಗಿಸಿ ಲೆಕ್ಚರರ್ ಆಗಬೇಕಂತಿದ್ದೆ, ಅಪ್ಪನ ಗಲ್ಲಾದ ಮುಂದ ಬಂದು ಕುಂತೆ, ಕುಂತಾಂವ ಎದ್ದಿಲ್ಲ. ವಿಜ್ಞಾನದ ಸುದ್ದಿ ಓದೂ ಚಟ ಮಾತ್ರ ಬಿಟ್ಟಿಲ್ಲ, ಮಳಿ ತಡಾ ಆಗಿ ಗಿರಾಕಿ ಇಲ್ಲದ ದಿನಗಳಾಗ ಅದೇ ನನ್ನ ವ್ಯಾಪಾರ.

ಗಾಳ್ಯಾಗಿನ ನೈಟ್ರೋಜನ್ ಯಾಕ ಬೆಳಿಗೆ ಸಿಗೂದಿಲ್ಲ ಅಂದ್ರ, ಅದು ಎರಡೆರಡು ಪರಮಾಣು ಮೂರು ಬಂಧ ಹಾಕ್ಕೊಂಡು ಗಟ್ಟಿ ಹಿಡಕೊಂಡು ಕುಂತಿರತೈತಿ, ಬಿಡಿಸಬೇಕಂದ್ರ ಭಾಳ ಶಕ್ತಿ ಬೇಕು. ಜರ್ಮನಿಯ ಫ್ರಿಟ್ಜ್ ಹೇಬರ್ 1909ರಾಗ ಅದನ್ನ ಬಿಡಿಸಿ ಅಮೋನಿಯಾ ಮಾಡೂ ದಾರಿ ತೋರಿಸಿದ, ಕಾರ್ಲ್ ಬಾಷ್ ಅದನ್ನ ಫ್ಯಾಕ್ಟರಿ ಮಟ್ಟಕ್ಕ ತಂದ. ಇವತ್ತಿಗೂ ಯೂರಿಯಾ ಅಂದ್ರ 400-500 ಡಿಗ್ರಿ ಶಾಖ, ನೂರಾರು ಪಟ್ಟು ಗಾಳಿ ಒತ್ತಡ, ಮ್ಯಾಲ ನೈಸರ್ಗಿಕ ಅನಿಲದ ಖರ್ಚು. ಇದನ್ನೆಲ್ಲಾ ಒಂದು ಬ್ಯಾಕ್ಟೀರಿಯಾ ನಮ್ಮ ಹೊಲದ ಮಣ್ಣಿನ ಶಾಖದಾಗ, ಸದ್ದಿಲ್ಲದ, ಮಾಡತೈತಿ. ಸೋಯಾಬೀನ್ ಗಿಡ ಹೂವಿಗೆ ಬಂದಾಗ ಬೇರು ಮುರೀದಂಗ ನಿಧಾನ ಕಿತ್ತು, ಮಣ್ಣು ತೊಳದು, ಬೇರಿನ ಮ್ಯಾಲ ಆ ಬ್ಯಾಕ್ಟೀರಿಯಾ ಮನಿ ಮಾಡಿದ ಗಂಟು ಒಂದನ್ನ ಉಗುರಿಂದ ಸೀಳಿ ನೋಡ್ರಿ. ಒಳಗ ಕೆಂಪು ಇಲ್ಲಾ ಗುಲಾಬಿ ಇದ್ರ ಕೆಲಸ ನಡದೈತಿ ಅಂತ. ಬೂದಿ ಬಣ್ಣ, ಹಸಿರು ಇದ್ರ ಅದು ಕೆಲಸ ಮಾಡೂದಿಲ್ಲ. ಆ ಕೆಂಪು ನಮ್ಮ ರಕ್ತದಾಗಿನ ಹಿಮೋಗ್ಲೋಬಿನ್ನಿನ ಖಾಸಾ ಸಂಬಂಧಿ, ಲೆಗ್‌ಹಿಮೋಗ್ಲೋಬಿನ್ ಅಂತ, ಬ್ಯಾಕ್ಟೀರಿಯಾಕ್ಕ ಉಸಿರಾಡಾಕ ಬೇಕಾದಷ್ಟ ಆಕ್ಸಿಜನ್ ಅಳದು ಕೊಡೂದು ಅದರ ಕೆಲಸ, ಯಾಕಂದ್ರ ನೈಟ್ರೋಜನ್ ಮುರಿಯೂ ಕಿಣ್ವಕ್ಕ ಆಕ್ಸಿಜನ್ ತಾಕಿದ್ರ ಕಿಣ್ವ ಹಾಳಾಗತೈತಿ. ಇದನ್ನ ನಾನು ಅಂಗಡಿಗೆ ಬಂದ ಕಾಲೇಜ್ ಹುಡುಗರಿಗೆ ಬ್ಲೇಡ್‌ಲೆ ಕೊಯ್ದು ತೋರಿಸ್ತೀನಿ, ಅವರು ವಿಡಿಯೋ ಮಾಡ್ಕೊಂತಾರ, ಮುಂದ ಏನ್ ಮಾಡ್ತಾರೋ ದೇವರಿಗೇ ಗೊತ್ತು.

ಈಗ ವಿಷಯಕ್ಕ ಬರ್ತೀನಿ. ನಾವು ಓದೂಮುಂದ ಪುಸ್ತಕದಾಗ ಒಂದು ಗೆರಿ ಹೊಡದಂಗ ಬರದಿದ್ರು: ನೈಟ್ರೋಜನ್ ಹಿಡಿಯೂದು ಬ್ಯಾಕ್ಟೀರಿಯಾ ಮತ್ತ ಅದರ ಬಳಗದ ಸೂಕ್ಷ್ಮಜೀವಿಗಳಿಗೆ ಮಾತ್ರ ಬರೂ ವಿದ್ಯೆ, ಗಿಡ, ಪ್ರಾಣಿ, ಪಾಚಿ ಯಾವುದರ ಜೀವಕೋಶಕ್ಕೂ ಬರೂದಿಲ್ಲ. 2024ರ ಏಪ್ರಿಲ್‌ನ್ಯಾಗ ಆ ಗೆರಿ ಅಳಿಸಿತು. ಸಮುದ್ರದಾಗ ತೇಲೂ ಬ್ರಾರುಡೋಸ್ಫೇರಾ ಬಿಗೆಲೋವಿ ಅನ್ನೂ ಒಂದು ಪಾಚಿಯ ಕೋಶದೊಳಗ ನೈಟ್ರೋಜನ್ ಹಿಡಿಯೂ ಅಂಗವೇ ಐತಿ ಅಂತ ಸೈನ್ಸ್ ಪತ್ರಿಕೆಯಾಗ ಬಂತು, ಅದಕ್ಕ ನೈಟ್ರೋಪ್ಲಾಸ್ಟ್ ಅಂತ ಹೆಸರಿಟ್ರು. ಒಂದು ಕಾಲಕ್ಕ ಅದು ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು, ಸುಮಾರು 10 ಕೋಟಿ ವರ್ಷದ ಹಿಂದ ಪಾಚಿ ಜೊತಿ ಸಂಸಾರ ಹೂಡಿ, ಹೊಳ್ಳಿ ಹೋಗಲೇ ಇಲ್ಲ. ಜೀವಕೋಶಕ್ಕ ಶಕ್ತಿ ಕೊಡೂ ಮೈಟೊಕಾಂಡ್ರಿಯಾ, ಎಲಿಯಾಗ ಬಿಸಿಲಿಂದ ಊಟ ಮಾಡೂ ಕ್ಲೋರೋಪ್ಲಾಸ್ಟ್ ಬಂದದ್ದೂ ಹಿಂಗ ಅಂತ ಲಿನ್ ಮಾರ್ಗುಲಿಸ್ 1967ರಾಗ ಬರದಾಗ ಮೊದಲು ಯಾರೂ ಕಿವಿಗೆ ಹಾಕ್ಕೊಂಡಿರಲಿಲ್ಲ.

ಸುದ್ದಿ ಒಂದ ದಿನದ್ದು, ಅದರ ಹಿಂದಿನ ಕೂಲಿ ನೋಡ್ರಿ. ಅಮೆರಿಕದ ಸಾಂಟಾ ಕ್ರೂಜ್‌ನ ಜೊನಾಥನ್ ಜೆಹರ್ ಅನ್ನಾಂವಗ 1998ರಾಗ ಪೆಸಿಫಿಕ್ ಸಮುದ್ರದ ನೀರಾಗ ಒಂದು ತುಂಡು ಡಿಎನ್ಎ ಸಿಕ್ಕಿತ್ತು, ನೈಟ್ರೋಜನ್ ಹಿಡಿಯೂ ಯಾವುದೋ ಜೀವಿದು ಅನ್ನೂದಷ್ಟ ಗೊತ್ತು, ಯಾರದು ಗೊತ್ತಿಲ್ಲ. ಅದಕ್ಕ ಯುಸಿವೈಎನ್-ಎ ಅಂತ ಹೆಸರಿಟ್ಟು ವರ್ಷಗಟ್ಟಲೆ ಬೆನ್ನು ಹತ್ತಿದ್ರು. ಅದರ ಜೀನ್‌ಗಳನ್ನ ಓದಿದಾಗ ಮತ್ತೊಂದು ಆಶ್ಚರ್ಯ, ಬಿಸಿಲಿನಿಂದ ಆಕ್ಸಿಜನ್ ಮಾಡೂ ಭಾಗವೇ ಅದರಾಗ ಇಲ್ಲ, ತನ್ನ ಊಟ ತಾನು ಮಾಡ್ಕೊಳ್ಳೂ ತಾಕತ್ತಿಲ್ಲ, ಅಂದ್ರ ಯಾರದೋ ಮನ್ಯಾಗ ಉಂಡು ಬದುಕೂದು. ಅತ್ತ ಜಪಾನಿನ ಕೊಚಿ ವಿಶ್ವವಿದ್ಯಾಲಯದಾಗ ಕ್ಯೋಕೊ ಹಾಗಿನೊ ಅನ್ನೂ ವಿಜ್ಞಾನಿ ಆ ಪಾಚಿಯನ್ನ ಲ್ಯಾಬಿನ್ಯಾಗ ಬೆಳಸಾಕ ಹೆಣಗಾಡ್ತಿದ್ಲು. 300ಕ್ಕೂ ಹೆಚ್ಚು ಸಲ ಸಮುದ್ರದ ನೀರು ತಂದು, ಹತ್ತು ವರ್ಷಕ್ಕೂ ಮಿಕ್ಕಿ ಸೋತು, ಕಡೀಕ ಬೆಳಸಿದ್ಲು. ಆ ಪಾಚಿ ಬಾಟಲಿಯೊಳಗ ಬೆಳೀದಿದ್ರ ಮುಂದಿನ ಯಾವ ಪ್ರಯೋಗವೂ ಇಲ್ಲ. ಪೇಪರ್‌ನ್ಯಾಗ ಬಂದ ಸುದ್ದಿಯೊಳಗ ಆಕಿ ಹೆಸರು ಹುಡುಕಬೇಕಾತು ಅನ್ನೂದು ಬ್ಯಾರೆ ಮಾತು.

ಒಳಗಿರೂದು ಬಾಡಿಗಿ ಮಂದಿಯೋ ಮನಿ ಮಂದಿಯೋ ಅಂತ ಹೆಂಗ ಗೊತ್ತು ಮಾಡೂದು? ವಿಜ್ಞಾನಿಗಳು ಎರಡು ಕಡೆಯಿಂದ ಹೋದ್ರು. ಒಂದು, ಪಾಚಿ ಕೋಶ ಒಡೆಯೂಮುಂದ ಒಳಗಿನದೂ ಅದರ ಜೊತಿಗೇ, ಅದರ ಸರದಿ ಬಂದಾಗ ಒಡೀತೈತೋ ಇಲ್ಲೋ ಅಂತ ಎಕ್ಸ್‌ರೇಲೆ ನೋಡಿದ್ರು, ಒಡೀತಿತ್ತು. ಎರಡು, ನೈಟ್ರೋಪ್ಲಾಸ್ಟ್ ಒಂದನ್ನ ಬ್ಯಾರೆ ತಗದು ಅದರಾಗಿನ ಪ್ರೋಟೀನ್ ಪಟ್ಟಿ ಮಾಡಿ, ಇಡೀ ಕೋಶದ ಪಟ್ಟಿ ಜೊತಿ ಇಟ್ಟು ತಾಳೆ ನೋಡಿದ್ರು. ನೈಟ್ರೋಪ್ಲಾಸ್ಟಿನೊಳಗ ಇದ್ದ ಎಷ್ಟೋ ಪ್ರೋಟೀನ್‌ಗಳು ಪಾಚಿಯ ಜೀನ್‌ನಿಂದ ಆದವು, ಮ್ಯಾಲ ಅವಕ್ಕ ಎಲ್ಲಿಗೆ ಹೋಗಬೇಕು ಅನ್ನೂ ವಿಳಾಸದ ಬಾಲವೂ ಇತ್ತು. ಮನಿ ಯಜಮಾನ ಸಾಮಾನು ಮಾಡಿ ಒಳಗ ಕಳಸ್ತಾನಂದ್ರ ಅದು ಬಾಡಿಗಿ ಅಲ್ಲ. ಈ ತಾಳೆ ನೋಡೂ ಭಾಗವೇ ನನಗ ಭಾಳ ಹಿಡಿಸಿದ್ದು, ಯಾಕಂದ್ರ ಅದು ನನ್ನ ಅಂಗಡಿ ಜಗಳ.

ಜಗಳ ಏನಂದ್ರ, ತಿಂಗಳಿಗೊಬ್ಬ ಹೊಸ ಹುಡುಗ ಬ್ಯಾಗ್ ಹಾಕ್ಕೊಂಡು ಬರ್ತಾನ, ಟೇಬಲ್ ಮ್ಯಾಲ ಒಂದು ಬಾಟ್ಲಿ ಇಡ್ತಾನ. ಸರ್, ಇದನ್ನ ಹೊಡದ್ರ ಕಬ್ಬು ಎಕರೆಗೆ ಹಿಂಗ ಬರತೈತಿ, ದ್ರಾಕ್ಷಿ ಕಾಯಿ ಹಿಂಗ ಹಿಗ್ಗತೈತಿ, ಫೋಟೋ ನೋಡ್ರಿ. ಫೋಟೋದಾಗ ಒಬ್ಬ ರೈತ ಆಳೆತ್ತರದ ಕಬ್ಬಿನ ಮುಂದ ನಿಂತಿರ್ತಾನ. ಹೊಡೀದಿದ್ರ ಅಲ್ಲಿ ಎಷ್ಟು ಬರ್ತಿತ್ತಪಾ ಅಂತ ಕೇಳಿದ್ರ ಅಂವಗ ಸಿಟ್ಟು ಬರತೈತಿ. ಆ ವರ್ಷ ಮಳಿ ಛಲೋ ಆಗಿತ್ತೋ, ಅಂವ ಎರಡು ಟ್ರ್ಯಾಕ್ಟರ್ ತಿಪ್ಪಿಗೊಬ್ಬರ ಹಾಕಿದ್ನೋ, ಭೂಮಿನೇ ಎರಿಯೋ, ಯಾರಿಗೆ ಗೊತ್ತು. ಅದಕ್ಕ ನಮ್ಮಪ್ಪನ ಕಾಲದಿಂದ ಅಂಗಡ್ಯಾಗ ಒಂದ ಮಾತು ಐತಿ, ಹೊಸ ಔಷಧ ಒಯ್ಯೂ ರೈತಗ ಹೇಳೂದು: ಒಂದ ಸಾಲ ಬಿಟ್ಟು ಹೊಡೀರಿ. ಹೊಲದ ನಟ್ಟನಡುವ ಒಂದು ಸಾಲಿಗೆ ಹೊಡೀಬ್ಯಾಡ್ರಿ, ಬದುವಿನ ಕಡೆ ಅಲ್ಲ, ನಡುವ. ರಾಶಿ ಮಾಡೂಮುಂದ ಅದನ್ನ ಬ್ಯಾರೆ ತೂಗ್ರಿ. ಕೃಷಿ ವಿಶ್ವವಿದ್ಯಾಲಯದವರು ಇದಕ್ಕ ಚೆಕ್ ಪ್ಲಾಟ್ ಅಂತಾರ, ಅವರು ಒಂದ ಸಾಲಿಗೆ ಒಪ್ಪೂದಿಲ್ಲ, ಅಲ್ಲಲ್ಲಿ ಚೀಟಿ ಎತ್ತಿದಂಗ ಹಂಚಿ ನಾಲ್ಕೈದು ಕಡೆ ಬಿಡಬೇಕು ಅಂತಾರ, ಅದೂ ಖರೇ.

ಈ ಅಂಗಡಿ ಬುದ್ಧಿ ಹಿಡಕೊಂಡ ನಾನು ವಿಜ್ಞಾನದ ಸುದ್ದಿನೂ ಓದತೀನಿ. ಎಲ್ಲಿ ಸಾಲ ಬಿಟ್ಟಾರ, ಎಲ್ಲಿ ಬಿಟ್ಟಿಲ್ಲ, ಎಲ್ಲಿ ಬಿಡಾಕ ಜಾಗಾನೇ ಇರಲಿಲ್ಲ.

2023ರ ಜುಲೈನ್ಯಾಗ ದಕ್ಷಿಣ ಕೊರಿಯಾದವರು ಎಲ್‌ಕೆ-99 ಅಂತ ಒಂದು ಕರಿ ಕಲ್ಲಿನ ತುಣುಕು ತೋರಿಸಿದ್ರಲ್ಲ, ನೆನಪೈತಿ? ಸೀಸ, ತಾಮ್ರ, ರಂಜಕ, ಆಕ್ಸಿಜನ್ ಸೇರಿಸಿ ಮಾಡಿದ್ದು, ಮಾಮೂಲಿ ಶಾಖದಾಗೂ ಕರೆಂಟ್ ಒಂಚೂರೂ ತಡೀದಂಗ ಹರೀತೈತಿ, ಅಂದ್ರ ಸೂಪರ್‌ಕಂಡಕ್ಟರ್ ಅಂದ್ರು. ಖರೇ ಆಗಿದ್ರ ಹೆಸ್ಕಾಂ ಲೈನಿನ್ಯಾಗ ಸೋರಿ ಹೋಗೂ ಕರೆಂಟ್ ಎಲ್ಲಾ ಉಳೀತಿತ್ತು ಅಂತ ನಮ್ಮ ಓಣ್ಯಾಗಿನ ಎಲೆಕ್ಟ್ರಿಷಿಯನ್ನೂ ಖುಷಿಯಾಗಿದ್ದ. ಆ ತುಣುಕು ಅಯಸ್ಕಾಂತದ ಮ್ಯಾಲ ಅರ್ಧ ಎದ್ದು ನಿಂತ ವಿಡಿಯೋ ಎಲ್ಲರ ಫೋನಿಗೂ ಬಂತು. ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಾಗ ವಿ.ಪಿ.ಎಸ್. ಅವಾನಾ ಅವರ ತಂಡ ಸೈತ ಮಾಡಿ ನೋಡಿತು, ಸೂಪರ್‌ಕಂಡಕ್ಟರ್ ಗುಣ ಸಿಗಲಿಲ್ಲ. ಆಮ್ಯಾಲ ಗುಟ್ಟು ಹೊರಗ ಬಂತು, ಆ ತುಣುಕಿನೊಳಗ ತಾಮ್ರದ ಸಲ್ಫೈಡ್ ಕಸ ಉಳಕೊಂಡಿತ್ತು, ಸುಮಾರು 104 ಡಿಗ್ರಿ ಹತ್ತರ ಆ ಕಸದ ರಚನೆ ಬದಲಾಗಿ ವಿದ್ಯುತ್ ತಡೆ ಒಮ್ಮಿಗೇ ಇಳೀತಿತ್ತು, ಅದನ್ನ ನೋಡಿ ಇವರು ಕುಣದಿದ್ರು. ಜರ್ಮನಿಯ ಸ್ಟುಟ್‌ಗಾರ್ಟ್‌ನ್ಯಾಗ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಕಸ ಇಲ್ಲದ ಶುದ್ಧ ಹರಳು ಬೆಳಸಿದ್ರು. ಅದು ನೇರಳೆ ಬಣ್ಣದ, ಬೆಳಕು ದಾಟೂವಂಥ ಹರಳು, ಕರೆಂಟ್ ಹಾಯೂದ ಇಲ್ಲ, ಅಪ್ಪಟ ಇನ್ಸುಲೇಟರ್. ಸಲ್ಫೈಡ್ ಬಿಟ್ಟು ಮಾಡಿ ನೋಡೂದೇ ಇಲ್ಲಿ ಬಿಟ್ಟ ಸಾಲು, ಅದನ್ನ ಮೊದಲೇ ಮಾಡಿದ್ರ ಒಂದು ತಿಂಗಳ ಗದ್ದಲ ಉಳೀತಿತ್ತು. ಆದ್ರೂ ಒಂದು ಹೇಳಬೇಕು, ಒಂದೇ ತಿಂಗಳದಾಗ ಜಗತ್ತು ಸೇರಿ ಪರೀಕ್ಷೆ ಮಾಡಿ ಮುಗಿಸಿತಲ್ಲ, ಬಾಟ್ಲಿ ವ್ಯಾಪಾರದಾಗ ಹಂಗ ಆಗೂದಿಲ್ಲ, ಇಲ್ಲಿ ಹೆಸರು ಬದಲಿಸಿ ಮುಂದಿನ ಸೀಜನ್ನಿಗೆ ಅದೇ ಮಾಲು ಬರತೈತಿ.

ಕೆ2-18ಬಿ ಕಥಿ ಬ್ಯಾರೆ. ಅದು 124 ಬೆಳಕಿನ ವರ್ಷ ದೂರ, ಸಿಂಹ ರಾಶಿಯ ದಿಕ್ಕಿನ್ಯಾಗಿರೂ ಗ್ರಹ, ಭೂಮಿಕ್ಕಿಂತ 2.6 ಪಟ್ಟು ಅಗಲ. 2025ರ ಏಪ್ರಿಲ್‌ನ್ಯಾಗ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ ಜೇಮ್ಸ್ ವೆಬ್ ದೂರದರ್ಶಕದಿಂದ ನೋಡಿ, ಅಲ್ಲಿನ ವಾತಾವರಣದಾಗ ಡೈಮೀಥೈಲ್ ಸಲ್ಫೈಡ್ ಗುರುತು ಇರಬಹುದು ಅಂದ್ರು. ನಮ್ಮಲ್ಲಿ ಆ ಅನಿಲ ಬಹುತೇಕ ಸಮುದ್ರದ ಪಾಚಿಯಿಂದ ಬರತೈತಿ, ಅದಕ್ಕ ಟಿವಿಯವರು ಅನ್ಯಗ್ರಹದಾಗ ಜೀವ ಸಿಕ್ಕೇ ಬಿಟ್ಟಿತು ಅಂತ ಕೆಂಪು ಅಕ್ಷರದಾಗ ಓಡಿಸಿದ್ರು. ತಂಡದವರು ಹೇಳಿದ್ದು ಮೂರು ಸಿಗ್ಮಾ ಮಟ್ಟದ ಸಾಕ್ಷಿ ಅಂತ (ಸಿಗ್ಮಾ ಹೆಚ್ಚಿದಷ್ಟೂ ಅದು ಅಕಸ್ಮಾತ್ ಕಂಡದ್ದು ಅನ್ನೂ ಅನುಮಾನ ಕಡಿಮಿ), ಭೌತಶಾಸ್ತ್ರದವರು ಶೋಧ ಅನ್ನಾಕ ಕೇಳೂದು ಐದು ಸಿಗ್ಮಾ. ಇಲ್ಲಿ ಎರಡು ಪ್ರಶ್ನೆ ಬರ್ತಾವ. ಒಂದು, ಗುರುತು ಖರೇ ಐತೋ? ಆಕ್ಸ್‌ಫರ್ಡ್‌ನ ಜೇಕ್ ಟೇಲರ್ ಅದೇ ಮಾಹಿತಿ ತಗೊಂಡು, ಅಲ್ಲಿ ಏನೂ ಇಲ್ಲ, ಬರೇ ಒಂದು ಸಪಾಟ ಗೆರಿ ಅಂತ ತಿಳಕೊಂಡ್ರೂ ದೂರದರ್ಶಕ ಅಳದ ಚುಕ್ಕಿಗಳು ಹೊಂದತಾವೋ ಅಂತ ನೋಡಿದ. ಹೊಂದಿದವು. ಸಪಾಟ ಗೆರಿ ಅಂದ್ರ ಹೊಡೀದ ಸಾಲು! ಓದಿದಾಗ ಕೌಂಟರ್ ಮ್ಯಾಲ ಕೈ ಬಡದೆ. ಎರಡು, ಗುರುತು ಇತ್ತಂತ ಇಟ್ಕೊಳ್ರಿ, ಜೀವ ಇಲ್ಲದ ಕಡೆ ಆ ಅನಿಲ ಆಗೂದ ಇಲ್ಲೋ? 67ಪಿ ಅನ್ನೂ ಧೂಮಕೇತುವಿನ್ಯಾಗೂ ಅದು ಸಿಕ್ಕೈತಿ, ಅಲ್ಲಿ ಯಾವ ಪಾಚಿ ಇತ್ತು? ಹಂಗಂತ ಮಧುಸೂದನ್ ಅವರನ್ನ ಬಾಟ್ಲಿ ಹುಡುಗನ ಸಾಲಿನ್ಯಾಗ ನಿಲ್ಲಿಸೂದು ಅನ್ಯಾಯ. ಅವರು ಇನ್ನೂ ನೋಡಬೇಕು ಅಂತ ತಾವೇ ಹೇಳ್ಯಾರ, ಮಾಹಿತಿ ಎಲ್ಲರಿಗೂ ತೆರದೈತಿ, ಅದಕ್ಕೇ ಇನ್ನೊಬ್ಬ ತಗದು ನೋಡಿದ.

ನನಗ ಇತ್ತೀಚಿನ ಎಲ್ಲದರಾಗೂ ಭಾಳ ಮನಸಿಗೆ ಬಂದದ್ದು ಬೆನ್ನು ಕ್ಷುದ್ರಗ್ರಹದ ಮಣ್ಣು. ಒಸೈರಿಸ್-ರೆಕ್ಸ್ ನೌಕೆ 2020ರಾಗ ಅಲ್ಲಿಂದ ಬಾಚಿಕೊಂಡು 2023ರ ಸೆಪ್ಟೆಂಬರ್ 24ಕ್ಕ ಯೂಟಾ ಮರುಭೂಮಿಯಾಗ ಇಳಿಸಿದ್ದು ಒಟ್ಟು 121.6 ಗ್ರಾಂ. ನಮ್ಮ ಅಂಗಡ್ಯಾಗ ಕ್ಯಾಬೀಜ್ ಬೀಜದ ಪಾಕೀಟ್ ತೂಗಿದಂಗ ತೂಗಬಹುದಾದಷ್ಟ. 2025ರ ಜನವರಿಯಾಗ ಫಲಿತಾಂಶ ಬಂತು: ನಮ್ಮ ಮೈಯ ಪ್ರೋಟೀನ್ ಕಟ್ಟೂ 20 ಅಮೈನೋ ಆಮ್ಲದಾಗ 14 ಅದರಾಗ ಅದಾವ, ಡಿಎನ್ಎ ಆರ್‌ಎನ್‌ಎಗೆ ಬೇಕಾದ ಐದೂ ಬೇಸ್, ಅಂದ್ರ ಅವನ್ನ ಬರೆಯೂ ಅಕ್ಷರ, ಅದಾವ, ಅಮೋನಿಯಾ ಅಂತೂ ಭಾಳ ಐತಿ. ಇಂಥಾ ಮಾತು ಭೂಮಿಗೆ ಬಿದ್ದ ಉಲ್ಕೆಗಳ ಬಗ್ಗೆನೂ ಮೊದಲೇ ಹೇಳಿದ್ರು, 1969ರಾಗ ಆಸ್ಟ್ರೇಲಿಯಾದ ಮರ್ಚಿಸನ್‌ನ್ಯಾಗ ಬಿದ್ದ ಕಲ್ಲಿನ್ಯಾಗ ಅಮೈನೋ ಆಮ್ಲ ಸಿಕ್ಕಿದ್ದವು. ಆದ್ರ ಭೂಮಿಗೆ ಬಿದ್ದ ಕಲ್ಲಿಗೆ ಭೂಮಿದು ಏನೂ ಹತ್ತಿಲ್ಲ ಅಂತ ಹೆಂಗ ಹೇಳ್ತೀರಿ? ಇದು ಬರೇ ವಾದಕ್ಕ ಕೇಳಿದ್ದಲ್ಲ. ಜಪಾನಿನವರು ರ್ಯುಗು ಅನ್ನೂ ಕ್ಷುದ್ರಗ್ರಹದಿಂದ 5.4 ಗ್ರಾಂ ತಂದಿದ್ರು, ಅದರಾಗಿನ ಒಂದು ಕಣ ಲಂಡನ್ನಿನ ಲ್ಯಾಬಿನ್ಯಾಗ ಗಾಳಿಗೆ ತೆರಕೊಂಡು ಸ್ವಲ್ಪ ದಿನದಾಗ ಅದರ ಮ್ಯಾಲ ಎಳಿ ಎಳಿ ಸೂಕ್ಷ್ಮಜೀವಿ ಕಂಡವು. ನೋಡ್ರಿ ಅನ್ಯಗ್ರಹದ ಜೀವ ಅಂತ ಕೂಗೂ ಅವಕಾಶ ಇತ್ತು. ಕೂಗಲಿಲ್ಲ, ಯಾಕಂದ್ರ ಗಾಳಿಗೆ ತಗಿಯೂ ಮೊದಲ ಆ ಕಣವನ್ನ ಎಕ್ಸ್‌ರೇಲೆ ಸ್ಕ್ಯಾನ್ ಮಾಡಿಟ್ಟಿದ್ರು, ಅದರಾಗ ಏನೂ ಇರಲಿಲ್ಲ, ಆಮ್ಯಾಲ ಬೆಳಕೋತ ಹೋದವು, ಅಂದ್ರ ನಮ್ಮ ಭೂಮಿದೇ ಹುಳ.

ಬೆನ್ನುದವರು ಇನ್ನೂ ಮುಂದ ಹೋಗಿದ್ರು. ನೌಕೆ ಹಾರೂ ಮೊದಲ ಅದರಾಗ ಅಲ್ಯೂಮಿನಿಯಂ ಮತ್ತ ನೀಲಮಣಿಯ ಸಣ್ಣ ತಗಡು ಇಟ್ಟಿದ್ರು, ಸಾಕ್ಷಿ ತಗಡು ಅಂತ. ನೌಕೆ ಒಳಗ ಯಾವ ಹೊಲಸು ಬಂದು ಕುಂತ್ರೂ ಆ ತಗಡಿನ ಮ್ಯಾಲೂ ಕುಂಡ್ರತೈತಿ, ಮಣ್ಣಿನ್ಯಾಗ ಸಿಕ್ಕದ್ದು ತಗಡಿನ್ಯಾಗೂ ಸಿಕ್ಕರ ಅದು ಬೆನ್ನುದಲ್ಲ. ಕೋಟ್ಯಂತರ ಕಿಲೋಮೀಟರ್ ಹೋಗಿ ಬರೂ ಗಾಡ್ಯಾಗೂ ಒಂದ ಸಾಲ ಬಿಟ್ಟು ಕಳಿಸ್ಯಾರ.

ಮ್ಯಾಲ, ಆ ಮಣ್ಣಿನ್ಯಾಗ ಉಪ್ಪು ಸಿಕ್ಕೈತಿ. ಸೋಡಿಯಂ ಕಾರ್ಬೋನೇಟ್, ಫಾಸ್ಫೇಟ್, ಸಲ್ಫೇಟ್, ಕ್ಲೋರೈಡ್. ಬೆನ್ನು ಯಾವುದರಿಂದ ಒಡದು ಬಂತೋ ಆ ತಾಯಿ ಕಲ್ಲಿನ ಒಳಗ ಒಂದು ಕಾಲಕ್ಕ ಉಪ್ಪುನೀರು ಇದ್ದು, ಮೆಲ್ಲಕ ಆರಿ, ಒಂದಾದ ಮ್ಯಾಲೊಂದು ಉಪ್ಪು ಕಟ್ಟಿತ್ತು ಅಂತ ಅರ್ಥ. ಇದನ್ನ ಓದಿದ ಕೂಡ್ಲೆ ಕೃಷ್ಣಾ ದಂಡಿ ಹೊಲಗಳು ಕಣ್ಣ ಮುಂದ ಬಂದವು. ವರ್ಷಾನುಗಟ್ಟಲೆ ಕಬ್ಬಿಗೆ ನೀರು ಬಿಟ್ಟು ಬಿಟ್ಟು ಸವಳು ಹಿಡದ ಹೊಲದಾಗ ಮಾರ್ಚ್ ತಿಂಗಳು ಬೆಳಿಗ್ಗೆ ಹೋಗ್ರಿ, ಸಾಲಿನ ದಿಂಡಿನ ಮ್ಯಾಲ ಬೆಳ್ಳಗ ಪುಡಿ ಎದ್ದಿರತೈತಿ, ಬೆರಳ ಹಚ್ಚಿ ನಾಲಿಗಿಗೆ ಇಟ್ರ ಸೋಡಾ ರುಚಿ, ಬೂಟಿನ ಕೆಳಗ ಕರಕರ ಅಂತೈತಿ. ತಳದ ನೀರು ಮ್ಯಾಲ ಏರತೈತಿ, ಬಿಸಿಲಿಗೆ ಆರತೈತಿ, ಉಪ್ಪು ಉಳೀತೈತಿ. ಹೊಲ ಕೆಡಿಸೂ ಅದೇ ರಸಾಯನಶಾಸ್ತ್ರ 450 ಕೋಟಿ ವರ್ಷದ ಹಿಂದ ಆ ಕಲ್ಲಿನ್ಯಾಗ ಅಮೈನೋ ಆಮ್ಲದ ಬಗಲಾಗ ನಡದಿತ್ತು. ಭೂಮಿಗೆ ಬಿದ್ದ ಉಲ್ಕೆಗಳೊಳಗ ಇಂಥಾ ಉಪ್ಪು ಉಳಿಯೂದು ಕಷ್ಟ, ನಮ್ಮ ಗಾಳಿ ತೇವಕ್ಕ ಕರಗಿ ಹೋಗತಾವ, ಅದಕ್ಕ ಬೆನ್ನು ಮಣ್ಣನ್ನ ನೈಟ್ರೋಜನ್ ತುಂಬಿದ ಪೆಟ್ಟಿಗ್ಯಾಗ ಇಟ್ಟಾರ. ಇಲ್ಲೂ ನೈಟ್ರೋಜನ್, ಅದೂ ಏನೂ ಮಾಡೂದಿಲ್ಲ ಅನ್ನೂ ಗುಣಕ್ಕ.

ಒಂದು ನಿರಾಸೆನೂ ಆತು ಅವರಿಗೆ. ಅಮೈನೋ ಆಮ್ಲಕ್ಕ ಎಡ ಬಲ ಅಂತ ಎರಡು ರೂಪ, ನಮ್ಮ ಜೀವ ಎಲ್ಲಾ ಎಡಗೈದೇ ಬಳಸತೈತಿ. ಕೆಲವು ಉಲ್ಕೆಗಳಾಗ ಎಡ ಸ್ವಲ್ಪ ಜಾಸ್ತಿ ಇದ್ದದ್ದು ನೋಡಿ, ಈ ಚಾಳಿ ಅಂತರಿಕ್ಷದಿಂದನೇ ಬಂದಿರಬಹುದು ಅಂದಿದ್ರು. ಬೆನ್ನುದಾಗ ಎಡ ಬಲ ಹೆಚ್ಚೂಕಡಿಮಿ ಸಮಾಸಮ. ಅವರು ಅದನ್ನ ಮುಚ್ಚಿಡದಂಗ ಬರದಾರ.

ಈಗ ಸಾಲ ಬಿಡಾಕ ಬರಲಾರದ ಕಡೆ ಹೋಗೂಣು. ವಿಜಯಪುರದ ಎರಿ ಭೂಮಿ, ಗೋಳಗುಮ್ಮಟದ ಕರಿ ಕಲ್ಲು, ಬೆಳಗಾವಿ ತನಾ ಬರೂ ಆ ಕಲ್ಲಿನ ಹಾಸು, ಎಲ್ಲಾ ಡೆಕ್ಕನ್ ಟ್ರ್ಯಾಪ್ ಲಾವಾದ ತೆಂಕಣ ಅಂಚು. ಸುಮಾರು 6.6 ಕೋಟಿ ವರ್ಷದ ಹಿಂದಿನದು. ಅದೇ ಹೊತ್ತಿನ್ಯಾಗ ಮೆಕ್ಸಿಕೋದ ಚಿಕ್ಸುಲೂಬ್‌ನ್ಯಾಗ ಕ್ಷುದ್ರಗ್ರಹ ಬಿತ್ತು, ಅದೇ ಹೊತ್ತಿನ್ಯಾಗ ಡೈನೋಸಾರ್ ಹೋದವು. ಕೊಂದವರು ಯಾರು, ಮೆಕ್ಸಿಕೋದ ಕಲ್ಲೋ ನಮ್ಮ ಲಾವಾನೋ? 2019ರ ಫೆಬ್ರವರಿಯಾಗ ಸೈನ್ಸ್ ಪತ್ರಿಕೆಯ ಒಂದೇ ಸಂಚಿಕೆಯಾಗ ಎರಡು ತಂಡ ಬರದ್ರು. ಪ್ರಿನ್ಸ್‌ಟನ್‌ನವರು ಲಾವಾ ಪದರಿನ ನಡುವಿನ ಮಣ್ಣಿನ್ಯಾಗಿನ ಜಿರ್ಕಾನ್ ಹರಳಿನಿಂದ ವಯಸ್ಸು ತಗದು, ಕಲ್ಲು ಬೀಳೂದಕ್ಕ ಸ್ವಲ್ಪ ಮೊದಲ ಲಾವಾ ಒಮ್ಮೆ ಜೋರಾಗಿ ಉಕ್ಕಿತ್ತು ಅಂದ್ರು. ಬರ್ಕ್ಲಿಯವರು ಲಾವಾದಾಗಿನ ಆರ್ಗಾನ್ ಅಳದು, ಲಾವಾದ ಮುಕ್ಕಾಲು ಪಾಲು ಮೆಕ್ಸಿಕೋದ ಕಲ್ಲು ಬಿದ್ದ ಮ್ಯಾಲ ಬಂದೈತಿ ಅಂದ್ರು. ಲಾವಾ ಒಂದ, ಗಡಿಯಾರ ಎರಡು. ಕಲ್ಲು ಬೀಳದ ಇನ್ನೊಂದು ಭೂಮಿ ಇದ್ದಿದ್ರ ನೋಡಬಹುದಿತ್ತು, ಇಲ್ಲ.

ಆದ್ರ ಭೂಗರ್ಭದವರು ಸುಮ್ಮನ ಕುಂಡ್ರೂ ಮಂದಿ ಅಲ್ಲ, ಹಿಂದಿನ ಕಾಲದಾಗ ಹುಡುಕ್ತಾರ. 25.2 ಕೋಟಿ ವರ್ಷದ ಹಿಂದ ಸೈಬೀರಿಯಾದಾಗ ಇಂಥಾದೇ ಲಾವಾ ಉಕ್ಕಿತ್ತು, ಆಗ ಭೂಮಿಯ ಎಲ್ಲಕ್ಕಿಂತ ದೊಡ್ಡ ಸಾಮೂಹಿಕ ಸಾವು ಆತು. ಅಂದ್ರ ಲಾವಾ ಒಂದ ಕೊಲ್ಲಬಲ್ಲದು. ಇತ್ತ ಸುಮಾರು 13.4 ಕೋಟಿ ವರ್ಷದ ಹಿಂದ ಬ್ರೆಜಿಲ್ ಕಡೆ ಪರಾನಾ ಅನ್ನೂ ಕಡೆ ಭಾರೀ ಲಾವಾ ಹರೀತು, ಹೇಳ್ಕೊಳ್ಳೂವಂಥ ಸಾವು ಆಗಲಿಲ್ಲ. ರಷ್ಯಾದ ಪೊಪಿಗೈನ್ಯಾಗ ಇಂಥಾದೇ ಕಲ್ಲು ಬಿದ್ದು ಆದ 100 ಕಿಲೋಮೀಟರ್ ಅಗಲದ ಕುಳಿ ಐತಿ, ಆ ಕಲ್ಲು ಬಿದ್ದಾಗಲೂ ಜಗತ್ತು ಮುಳುಗಲಿಲ್ಲ. ಬ್ಯಾರೆ ಯಾರದೋ ಹೊಲ, ಬ್ಯಾರೆ ವರ್ಷದ ಮಳಿ, ತಾಳೆ ಪಕ್ಕಾ ಹೊಂದೂದಿಲ್ಲ, ಆದ್ರ ಏನೂ ಇಲ್ಲದಕ್ಕಿಂತ ವಾಸಿ. ಈಗ ಹೆಚ್ಚಿನವರು ಬೆರಳು ತೋರಿಸೂದು ಮೆಕ್ಸಿಕೋದ ಕಲ್ಲಿನ ಕಡೆ, ನನಗೂ ಹಂಗ ಅನಸತೈತಿ, ನಮ್ಮ ಲಾವಾಕ್ಕ ಎಷ್ಟು ಪಾಲು ಅನ್ನೂ ಜಗಳ ಮಾತ್ರ ನಡದೈತಿ. 2024ರಾಗ ರುಥೇನಿಯಂ ಅನ್ನೂ ಧಾತು ಅಳದು ಆ ಕಲ್ಲು ಗುರುಗ್ರಹದ ಆಚೆ ಹುಟ್ಟಿದ್ದು ಅಂತನೂ ಹೇಳ್ಯಾರ.

ಇನ್ನೊಂದು ಥರದ ಸಾಲೂ ಐತಿ, ಯಾರೂ ಹೋಗಿ ನೋಡದ ಸಾಲು. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನ್ಯಾಗ ತಳೇವಾಡಿ ಹತ್ತರ ಬಾರಾಪೇಡೆ ಗುಹೆ ಅಂತ ಐತಿ, ಅಲ್ಲೊಂದು ಬಾವಲಿ, ರಾಟನ್‌ನ ಬಾವಲಿ ಅಂತಾರ. ಚಾಕಲೇಟ್ ಬಣ್ಣದ ಮೈ, ಕುತ್ತಿಗಿಗೆ ಬೂದು ಬಿಳಿ ಪಟ್ಟಿ, ದೊಡ್ಡ ಕಿವಿ ಎರಡೂ ಹಣಿ ಮ್ಯಾಲ ಕೂಡಿಕೊಂಡಿರತಾವ. 1913ರಾಗ ಓಲ್ಡ್‌ಫೀಲ್ಡ್ ಥಾಮಸ್ ಅದಕ್ಕ ಹೆಸರು ಕೊಟ್ಟ ಮ್ಯಾಲ ಹೆಚ್ಚೂಕಡಿಮಿ 90 ವರ್ಷ ಜಗತ್ತಿನ್ಯಾಗ ಅದು ಇರೂದು ಆ ಒಂದ ಗುಹೆಯಾಗ ಅಂತ ಪುಸ್ತಕ ಎಲ್ಲಾ ಹೇಳಿದವು. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಹೆಮ್ಮೆ ಅಂತ ನಾನೂ ಮಂದಿ ಮುಂದ ಹೇಳಿದ್ದುಂಟು. ಆಮ್ಯಾಲ ಕಾಂಬೋಡಿಯಾದಾಗ ಒಂದು ಸಿಕ್ಕಿತು, ಮೇಘಾಲಯದ ಗುಹೆಗಳೊಳಗ ಹಿಂಡೇ ಸಿಕ್ಕವು. ಬಾವಲಿ ಹೊಸದಾಗಿ ಅಲ್ಲಿಗೆ ಹಾರಿ ಹೋಗಿರಲಿಲ್ಲ, ಗುಹೆಗೆ ಬ್ಯಾಟರಿ ಹಿಡಕೊಂಡು ಹೋದವರು ಹೊಸಬರು. ಬಾರಾಪೇಡೆ ಮಹತ್ವ ಇದರಿಂದ ಕಡಿಮಿ ಆಗಲಿಲ್ಲ, ದಕ್ಷಿಣ ಭಾರತದಾಗ ಅದರ ಮನಿ ಇನ್ನೂ ಅದೇ, 2011ರಾಗ ಭೀಮಗಡ ವನ್ಯಧಾಮ ಆಗಾಕ ಅದೂ ಒಂದು ಕಾರಣ.

ಮತ್ತ ನೈಟ್ರೋಜನ್ನಿಗೆ ಬರಬೇಕು, ಯಾಕಂದ್ರ ನಮ್ಮ ಹೊಲಕ್ಕ ಹತ್ತರದ ಸುದ್ದಿ ಇನ್ನೂ ಹೇಳಿಲ್ಲ. ಮೆಕ್ಸಿಕೋದ ಒಹಾಕಾ ಬೆಟ್ಟದ ಸಿಯೆರಾ ಮಿಹೆ ಕಡೆ ಒಂದು ಗೋವಿನಜೋಳ ಐತಿ, ಎರಡಾಳೆತ್ತರ ಬೆಳೀತೈತಿ, ನೆಲದ ಮ್ಯಾಲ ಗಣಿಕಿ ಗಣಿಕಿಗೂ ಕೆಂಪು ಬೆರಳಿನಂಥ ಬೇರು ಬಿಡತೈತಿ, ಮಳಿ ಬಂದಾಗ ಆ ಬೇರಿನಿಂದ ಲೋಳಿ ಸುರೀತೈತಿ. ಗೊಬ್ಬರ ಇಲ್ಲದ ಬಡ ಭೂಮಿಯಾಗ ಅಲ್ಲಿನ ಮಂದಿ ತಲಿತಲಾಂತರದಿಂದ ಬೆಳಕೊಂಡು ಬಂದಾರ. ಲೋಳಿಯೊಳಗ ಸಕ್ಕರಿ ಐತಿ, ಗಟ್ಟಿ ಲೋಳಿ ಆಕ್ಸಿಜನ್ ಒಳಗ ಬಿಡೂದು ಕಡಿಮಿ, ಅಲ್ಲಿ ಕುಂತ ಬ್ಯಾಕ್ಟೀರಿಯಾ ನೈಟ್ರೋಜನ್ ಹಿಡಿದು ಕೊಡತಾವ. 2018ರಾಗ ಲೆಕ್ಕ ಬಂತು, ಗಿಡದ ನೈಟ್ರೋಜನ್ನಿನ್ಯಾಗ 29ರಿಂದ 82 ಪರ್ಸೆಂಟ್ ಗಾಳಿಯಿಂದ ಬಂದದ್ದು. ಹೆಂಗ ಅಳದ್ರು ಅಂದ್ರ, ಗಾಳಿ ನೈಟ್ರೋಜನ್ನಿಗೂ ಮಣ್ಣಿನ ನೈಟ್ರೋಜನ್ನಿಗೂ ಭಾರದ ಪರಮಾಣುವಿನ ಪಾಲಿನ್ಯಾಗ ಸಣ್ಣ ಫರಕು ಇರತೈತಿ, ಅದೇ ಹೊಲದಾಗ ಗಾಳಿ ನೈಟ್ರೋಜನ್ ಹಿಡೀಲಾರದ ಗಿಡದ ಜೊತಿ ತಾಳೆ ನೋಡ್ತಾರ. ಆ ಪಕ್ಕದ ಗಿಡ ಇಲ್ಲದಿದ್ರ ಲೆಕ್ಕವೇ ಇಲ್ಲ.

ಅಂಥಾದೇ ಲೋಳಿ, ಅಂಥಾದೇ ಬ್ಯಾಕ್ಟೀರಿಯಾ ಕೆಲವು ಜೋಳದ ತಳಿಗಳ ಬೇರಿನ್ಯಾಗೂ ಕಂಡೈತಿ. ಜೋಳ! ನಾವು ರೊಟ್ಟಿ ಬಡಿಯೂ ಜೋಳದ ಕುಲ. ಇದನ್ನ ಓದಿದ ಮ್ಯಾಲ ಮುಂಗಾರಿನ್ಯಾಗ ಸಿಕ್ಕ ಸಿಕ್ಕ ಜೋಳದ ಹೊಲಕ್ಕ ಹೋಗಿ ಬುಡ ಬಗ್ಗಿ ನೋಡೂ ಹುಚ್ಚು ಹತ್ತಿತು. ಒಬ್ಬ ಗಿರಾಕಿ ಹೊಲದಾಗ ಮೇವಿಗಂತ ಹಾಕಿದ ಎತ್ತರದ ಜೋಳ, ರಾತ್ರಿ ಮಳಿ ಆಗಿತ್ತು, ಮೂರನೇ ಗಣಿಕಿ ಬೇರಿನ ತುದಿಗೆ ಹನಿ ಹನಿ ಲೋಳಿ. ಬೆರಳಿಗೆ ಹಚ್ಚಿ ಎಳದ್ರ ಎಳಿ ಬಂತು, ರುಚಿ ಒಂಚೂರು ಸಿಹಿ, ಇರುವಿ ಮುತ್ತಿದ್ದವು. ಅದರಾಗ ನೈಟ್ರೋಜನ್ ಹಿಡಿಯೂ ಬ್ಯಾಕ್ಟೀರಿಯಾ ಐತೋ ಇಲ್ಲೋ ಲ್ಯಾಬ್ ಹೇಳಬೇಕು, ಲೋಳಿ ಇದ್ದ ಮಾತ್ರಕ್ಕ ಯೂರಿಯಾ ಬಿಡಬ್ಯಾಡ್ರಿ ಮತ್ತ. ನಮ್ಮ ಹಿಂಗಾರಿ ಮಾಲದಂಡಿ ಜೋಳದ್ದು ಬ್ಯಾರೆ ಲೆಕ್ಕ, ಅದು ಎರಿಯೊಳಗಿನ ಹಸಿ ಮ್ಯಾಲ, ಚಳಿಗೆ ಬರೂ ಬೆಳಿ, ಮ್ಯಾಲ ಮಳಿ ಇಲ್ಲದ ಕಡೆ ಲೋಳಿ ಸುರಿಯೂದು ನನಗೇನೋ ಅನುಮಾನ. ಇದೆಲ್ಲಾ ಹೇಳ್ಕೋತ ಕುಂತ್ರ ಮುಂದಿನ ಸೀಜನ್ನಿಗೆ ಒಬ್ಬ ಹುಡುಗ ನೈಟ್ರೋಪ್ಲಾಸ್ಟ್ ಗೋಲ್ಡ್ ಅಂತ ಬಾಟ್ಲಿ ತಂದೇ ತರ್ತಾನ, ಬರದಿಟ್ಕೊಳ್ರಿ.

ಗಿರಾಕಿಗೆ ಹೇಳಿದೆ, ಮುಂದಿನ ಮುಂಗಾರಿಗೆ ನಡುವ ಒಂದೆರಡು ಸಾಲಿಗೆ ಯೂರಿಯಾ ಹಾಕಬ್ಯಾಡ, ಮೇವು ಬ್ಯಾರೆ ತೂಗೂಣು. ಅಂವ ಟಾವೆಲ್ ಕೊಡವಿ ಕೇಳಿದ, ಅಲ್ರೀ ಸಾವಕಾರ, ಆ ಸಾಲಿನ ಮೇವು ಕಡಿಮಿ ಬಂದ್ರ ಎಮ್ಮಿಗೆ ನೀವು ಹಾಕ್ತೀರೇನು? ಕೇಳಿದ್ದು ಬರೋಬ್ಬರಿ ಐತಿ. ಬಿಟ್ಟ ಸಾಲಿಗೆ ಯಾರೋ ರೊಕ್ಕ ಕೊಡಬೇಕು. ಹಾಗಿನೊ ಸೋತ ವರ್ಷಗಳಿಗೆ ಯಾರೋ ಪಗಾರ ಕೊಟ್ಟಾರ, ಅದಕ್ಕ ನೈಟ್ರೋಪ್ಲಾಸ್ಟ್ ಸಿಕ್ಕಿತು. 2010ರಾಗ ಕ್ಯಾಲಿಫೋರ್ನಿಯಾದ ಮೋನೋ ಸರೋವರದ ಬ್ಯಾಕ್ಟೀರಿಯಾ ಡಿಎನ್ಎದಾಗ ರಂಜಕದ ಬದಲಿ ಆರ್ಸೆನಿಕ್ ಹಾಕ್ಕೊಂತೈತಿ ಅಂತ ಬಂದಾಗ, ಕೆನಡಾದ ರೋಸಿ ರೆಡ್‌ಫೀಲ್ಡ್ ತನ್ನ ಕೆಲಸ ಬದಿಗಿಟ್ಟು ಅದನ್ನ ಬೆಳಸಿ ನೋಡಿ ಡಿಎನ್ಎದಾಗ ಆರ್ಸೆನಿಕ್ ಇಲ್ಲ ಅಂತ 2012ರಾಗ ತೋರಿಸಿದ್ಲು, ಪತ್ರಿಕೆ 2010ರ ಆ ಲೇಖನ ವಾಪಸ್ ತಗೊಂಡದ್ದು 2025ರ ಜುಲೈಗೆ. ಇಂಥಾ ಕೆಲಸಕ್ಕ ಶಾಲು ಹಾರ ಯಾರು ಹಾಕ್ತಾರ. ಎರಡು ಎಕರೆದವನ ಹೊಲದಾಗ ಒಂದು ಸಾಲು ಅಂದ್ರ ಎಮ್ಮಿ ಎರಡು ದಿನದ ಹೊಟ್ಟಿ.

ಮೇವು ಎಷ್ಟು ಕಡಿಮಿ ಬರತೈತೋ ಅಷ್ಟರ ದುಡ್ಡು ನಿನ್ನ ಉದ್ರಿ ಖಾತೆಯಾಗ ಕಳೀತೀನಿ ಅಂದೆ. ಹೆಚ್ಚು ಬಂದ್ರ? ಅಂದ. ಹೆಚ್ಚು ಬಂದ್ರ ನಿಂದೇ ಅಂದೆ. ಅದನ್ನೂ ಬರೀರಿ ಅಂತ ಖಾತೆ ಪುಸ್ತಕ ನನ್ನ ಕಡೆ ಸರಿಸಿದ, ಬರದ ಮ್ಯಾಲ ಎರಡು ಸಲ ಓದಿಸಿ ಕೇಳಿ ಸಹಿ ಹಾಕಿಸಿಕೊಂಡ.